ಖುಲಾಸೆಯ ನಂತರದ ಒಂದು ವರ್ಷ

ಹೊಸಪೇಟೆ, ಸಂಡೂರು, ಕಂಪ್ಲಿ ಮತ್ತು ಹಂಪಿ ಪರಿಸರದ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಕ್ರಿಮಿನಲ್ ಮೊಕದ್ದಮೆ ಎಂಬುದು ಇಂದು ಅಪರಿಚಿತ ಸಂಗತಿಯಾಗಿ ಉಳಿದಿಲ್ಲ. ಅದಿರು ಸಾಗಿಸುವ ಲಾರಿಯ ಮಾಲೀಕರಿಗೆ 1957ರ ಗಣಿ ಮತ್ತು ಖನಿಜಗಳ ಅಧಿನಿಯಮವಿದೆ. ಅಕ್ಕಿ ಗಿರಣಿಯವರಿಗೆ 1955ರ ಅವಶ್ಯಕ ವಸ್ತುಗಳ ಅಧಿನಿಯಮವಿದೆ. ಹಂಪಿಯ ಸುತ್ತಮುತ್ತ ಅಂಗಡಿ, ವಸತಿಗೃಹಗಳನ್ನು ನಡೆಸುವವರಿಗೆ ಪ್ರಾಚೀನ ಸ್ಮಾರಕಗಳ ಕಾನೂನೂ 2002ರ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅಧಿನಿಯಮವೂ ಇವೆ. ಸರಕು ಮತ್ತು ಸೇವಾ ತೆರಿಗೆ, ತೂಕ ಮತ್ತು ಅಳತೆ, ಆಹಾರ ಸುರಕ್ಷತೆ ಇವು ಎಲ್ಲರಿಗೂ ಸಾಮಾನ್ಯ. ಇವೆಲ್ಲದರ ಜೊತೆಗೆ, ಬಾಕಿ ವಸೂಲಿಗಾಗಿಯೋ ಪಾಲುದಾರಿಕೆಯ ವ್ಯಾಜ್ಯಕ್ಕಾಗಿಯೋ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾದವರು ಪೊಲೀಸ್ ಠಾಣೆಗೆ ಹೋಗಿ ವಂಚನೆ, ನಂಬಿಕೆದ್ರೋಹಗಳ ದೂರು ಬರೆಸುವ ಪರಿಪಾಠವೂ ಬೆಳೆದಿದೆ. ಈ ಪರಿಪಾಠವನ್ನು ಸರ್ವೋಚ್ಚ ನ್ಯಾಯಾಲಯವು ಇಂಡಿಯನ್ ಆಯಿಲ್ ನಿಗಮ ಮತ್ತು ಎನ್‌ಇಪಿಸಿ ಇಂಡಿಯಾ ಸಂಸ್ಥೆಯ ನಡುವಣ ಪ್ರಕರಣದಲ್ಲಿ 2006ರಲ್ಲಿಯೇ ಸ್ಪಷ್ಟ ಶಬ್ದಗಳಲ್ಲಿ ಖಂಡಿಸಿತ್ತು. ಪರಿಪಾಠ ಮಾತ್ರ ನಿಂತಿಲ್ಲ.

ಇಂತಹ ಮೊಕದ್ದಮೆಗಳಲ್ಲಿ ಸಿಲುಕಿದ ವರ್ತಕನು ಹಲವು ವರ್ಷ ನ್ಯಾಯಾಲಯಕ್ಕೆ ಅಲೆದು ಕೊನೆಗೆ ಖುಲಾಸೆಯಾದ ದಿನ ಸಾಮಾನ್ಯವಾಗಿ ಮಾಡುವುದೇನು? ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿ, ವಕೀಲರಿಗೆ ಸಂದಾಯವಾಗಬೇಕಾದುದನ್ನು ಸಲ್ಲಿಸಿ, ಕಡತವನ್ನು ಕಟ್ಟಿ ಅಟ್ಟಕ್ಕೆ ಹಾಕುತ್ತಾನೆ. ಬಿಡುಗಡೆಯಾಯಿತಲ್ಲ, ಅಷ್ಟೇ ಸಾಕು ಎಂಬ ಭಾವನೆ ಸಹಜವಾದದ್ದೇ. ಆದರೆ ಕಾನೂನಿನ ಲೆಕ್ಕದಲ್ಲಿ ಅದೇ ದಿನ ಮತ್ತೊಂದು ವಾಯಿದೆ ಆರಂಭವಾಗುತ್ತದೆ. 1963ರ ಕಾಲಪರಿಮಿತಿ ಅಧಿನಿಯಮದ 74ನೆಯ ಅನುಚ್ಛೇದದ ಪ್ರಕಾರ, ದ್ವೇಷಪೂರ್ವಕ ಅಭಿಯೋಜನೆಗಾಗಿ ಪರಿಹಾರ ಕೋರುವ ಸಿವಿಲ್ ದಾವೆಯನ್ನು ಖುಲಾಸೆಯ ಅಥವಾ ಮೊಕದ್ದಮೆ ಅನ್ಯಥಾ ಕೊನೆಗೊಂಡ ದಿನದಿಂದ ಒಂದು ವರ್ಷದೊಳಗೆ ಹೂಡಬೇಕು. ಸಾಲದ ಹಣಕ್ಕೆ ಮೂರು ವರ್ಷದ ವಾಯಿದೆ ಇರುವುದನ್ನು ಅರಿಯದ ವ್ಯಾಪಾರಿ ಇಲ್ಲ. ತನ್ನ ಮಾನ ಮತ್ತು ವ್ಯಾಪಾರಗಳಿಗೆ ಆದ ಹಾನಿಗೆ ಒಂದೇ ವರ್ಷದ ವಾಯಿದೆ ಇರುವುದನ್ನು ಅರಿತವರು ವಿರಳ.

ಈ ವಿಷಯದಲ್ಲಿ ಸಂವಿಧಾನದ ಆಶ್ರಯ ಎಷ್ಟರಮಟ್ಟಿನದು ಎಂಬುದನ್ನು ಮೊದಲು ನೋಡಬೇಕು. 21ನೆಯ ವಿಧಿಯು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯಕ್ಕೆ, 19ನೆಯ ವಿಧಿಯು ವೃತ್ತಿ ವ್ಯಾಪಾರಗಳ ಸ್ವಾತಂತ್ರ್ಯಕ್ಕೆ, 22ನೆಯ ವಿಧಿಯು ಬಂಧನದ ಕಾರಣವನ್ನು ತಿಳಿಯುವ ಹಾಗೂ 24 ಗಂಟೆಗಳೊಳಗೆ ದಂಡಾಧಿಕಾರಿಯ ಮುಂದೆ ಹಾಜರಾಗುವ ಹಕ್ಕಿಗೆ ರಕ್ಷಣೆ ನೀಡುತ್ತವೆ. ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ವಸೂಲಿ ಸಲ್ಲದೆಂದು 265ನೆಯ ವಿಧಿಯೂ, ಸ್ವತ್ತನ್ನು ಕಸಿಯುವಂತಿಲ್ಲವೆಂದು 300ಎ ವಿಧಿಯೂ ಹೇಳುತ್ತವೆ. ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಲಿಖಿತವಾಗಿ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್‌ನಲ್ಲಿ ವಿಧಿಸಿರುವುದು ಕನ್ನಡ ಮಾತ್ರ ಬಲ್ಲ ವರ್ತಕರ ಮಟ್ಟಿಗೆ ಸಣ್ಣ ವಿಷಯವಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ರಾಧಿಕಾ ಅಗರ್ವಾಲ್ ಪ್ರಕರಣದಲ್ಲಿ ಸರಕು ಮತ್ತು ಸೇವಾ ತೆರಿಗೆಯ ಬಂಧನಾಧಿಕಾರವನ್ನು ಎತ್ತಿಹಿಡಿದ ನ್ಯಾಯಾಲಯವು, ಬಂಧನದ ಭಯ ತೋರಿಸಿ ತೆರಿಗೆ ಕಟ್ಟಿಸಿಕೊಂಡಿದ್ದಲ್ಲಿ ಅದನ್ನು ಮರಳಿ ಪಡೆಯಲು ನ್ಯಾಯಾಲಯದ ಮೊರೆ ಹೋಗಬಹುದೆಂದೂ ಸ್ಪಷ್ಟಪಡಿಸಿದೆ.

ಮೂಲಭೂತ ಹಕ್ಕಿನ ಉಲ್ಲಂಘನೆ ಎದ್ದುಕಾಣುವಂತಿದ್ದರೆ 32 ಅಥವಾ 226ನೆಯ ವಿಧಿಯಡಿ ನೇರವಾಗಿ ಪರಿಹಾರ ದೊರೆಯುವುದುಂಟು. ಖುಲಾಸೆಯಾದ ನಂತರವೂ 14 ವರ್ಷ ಸೆರೆಯಲ್ಲಿದ್ದ ಬಿಹಾರದ ರುದುಲ್ ಶಾ ಎಂಬವರಿಗೆ 1983ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಡಿಸಿದ್ದು 35 ಸಾವಿರ ರೂಪಾಯಿ. ಮೊತ್ತ ಅಲ್ಪವೇ ಆದರೂ ದಾರಿ ತೆರೆಯಿತು. ಆದರೆ ಇದು ಅಕ್ರಮ ಸೆರೆ, ಠಾಣೆಯಲ್ಲಿನ ಸಾವು ಮುಂತಾದ ಘೋರ ಪ್ರಸಂಗಗಳ ದಾರಿ. ಸಾಕ್ಷ್ಯ ವಿಚಾರಣೆ ಬೇಕಾಗುವ ವ್ಯಾಪಾರಿಯ ನಷ್ಟಕ್ಕೆ ಧಾರವಾಡದ ಉಚ್ಚ ನ್ಯಾಯಾಲಯ ಪೀಠವು ಬಹುಮಟ್ಟಿಗೆ ಸಿವಿಲ್ ನ್ಯಾಯಾಲಯದ ಕಡೆಗೇ ಬೊಟ್ಟು ಮಾಡೀತು.

ಬೆಂಗಳೂರಿನ ಇಬ್ಬರು

ಈ ದಾರಿ ಎಷ್ಟು ದೀರ್ಘವಾದದ್ದೆಂಬುದಕ್ಕೆ 1994ರ ಇಸ್ರೋ ಬೇಹುಗಾರಿಕೆ ಪ್ರಕರಣವೇ ನಿದರ್ಶನ. ಆ ಪ್ರಕರಣವೆಂದರೆ ಎಲ್ಲರಿಗೂ ನೆನಪಾಗುವುದು ವಿಜ್ಞಾನಿ ನಂಬಿ ನಾರಾಯಣನ್ ಅವರ ಹೆಸರು. ಆದರೆ ಅಂದು ಕೇರಳ ಪೊಲೀಸರು ಬಂಧಿಸಿದವರಲ್ಲಿ ಬೆಂಗಳೂರಿನ ವ್ಯವಹಾರಸ್ಥರೂ ಇಬ್ಬರಿದ್ದರು: ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಭಾರತದ ಪ್ರತಿನಿಧಿಯಾಗಿದ್ದ ಕೆ. ಚಂದ್ರಶೇಖರ್ ಮತ್ತು ಗುತ್ತಿಗೆದಾರರಾಗಿದ್ದ ಎಸ್. ಕೆ. ಶರ್ಮಾ. ಕೇಂದ್ರೀಯ ತನಿಖಾ ದಳವು 1996ರಲ್ಲಿ ಆರೋಪಗಳಲ್ಲಿ ಹುರುಳಿಲ್ಲವೆಂದು ವರದಿ ಸಲ್ಲಿಸಿತು. ಕೇರಳ ಸರ್ಕಾರ ಮರುತನಿಖೆಗೆ ಹೊರಟಾಗ ಅದನ್ನು ಸರ್ವೋಚ್ಚ ನ್ಯಾಯಾಲಯ 1998ರ ಏಪ್ರಿಲ್‌ನಲ್ಲಿ ರದ್ದುಗೊಳಿಸಿ, ಪ್ರತಿಯೊಬ್ಬರಿಗೂ ಒಂದು ಲಕ್ಷ ರೂಪಾಯಿ ಖರ್ಚು ಕೊಡಿಸಿತು. ಕಾನೂನು ವರದಿಗಳಲ್ಲಿ ಆ ತೀರ್ಪು ಇಂದಿಗೂ ಇರುವುದು ಕೆ. ಚಂದ್ರಶೇಖರ್ ವಿರುದ್ಧ ಕೇರಳ ರಾಜ್ಯ ಎಂಬ ಹೆಸರಿನಲ್ಲಿಯೇ.

ಮುಂದಿನ ಕಥೆ ನಂಬಿ ನಾರಾಯಣನ್ ಅವರದು. ಮಾನವ ಹಕ್ಕುಗಳ ಆಯೋಗದಿಂದ 2001ರಲ್ಲಿ 10 ಲಕ್ಷ ರೂಪಾಯಿ ಮಧ್ಯಂತರ ಪರಿಹಾರದ ಆದೇಶ, 2018ರ ಸೆಪ್ಟೆಂಬರ್ 14ರಂದು ಸರ್ವೋಚ್ಚ ನ್ಯಾಯಾಲಯದಿಂದ 50 ಲಕ್ಷ, ಬಳಿಕ ತಿರುವನಂತಪುರದ ಸಿವಿಲ್ ದಾವೆಯ ಇತ್ಯರ್ಥವಾಗಿ 2020ರಲ್ಲಿ 1.30 ಕೋಟಿ. ಬಂಧನದಿಂದ ಕೊನೆಯ ಪಾವತಿಯವರೆಗೆ ಇಪ್ಪತ್ತೈದು ವರ್ಷ ಮೀರಿತು. ಚಂದ್ರಶೇಖರ್ ಅವರು ಆ ಸೆಪ್ಟೆಂಬರ್ 14ರ ತೀರ್ಪು ಬಂದ ಎರಡೇ ದಿನಗಳಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಶರ್ಮಾ ಅವರು ಅದೇ ವರ್ಷದ ನವೆಂಬರ್‌ನಲ್ಲಿ.

ಸಾವಿನ ಈ ಮಾತು ಕೇವಲ ಮರುಕಕ್ಕಾಗಿ ಹೇಳಿದ್ದಲ್ಲ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 306ನೆಯ ಕಲಂ ಪ್ರಕಾರ ಮಾನಹಾನಿ, ಹಲ್ಲೆ ಮತ್ತು ಮರಣಕ್ಕೆ ಕಾರಣವಾಗದ ಇತರ ವೈಯಕ್ತಿಕ ಹಾನಿಗಳ ದಾವೆಯ ಹಕ್ಕು ವಾರಸುದಾರರಿಗೆ ಇಳಿಯುವುದಿಲ್ಲ. ಅಂಗಡಿ, ಗೋದಾಮು, ಬಾಕಿ ವಸೂಲಿ ಇವೆಲ್ಲ ಮಕ್ಕಳಿಗೆ ಬರುತ್ತವೆ. ತಂದೆಯ ಹೆಸರಿಗೆ ತಗುಲಿದ ಕಳಂಕದ ಪರಿಹಾರ ತಂದೆಯೊಂದಿಗೇ ಮುಗಿಯುತ್ತದೆ. ಅರುವತ್ತು ದಾಟಿದ ಮಾಲೀಕರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಹೋಲಿಕೆಗಾಗಿ ಮತ್ತೊಬ್ಬ ಕನ್ನಡಿಗರ ಪ್ರಸಂಗವನ್ನು ನೋಡಬಹುದು. ಮೂಡಿಗೆರೆಯಲ್ಲಿ ಜನಿಸಿ ಬೆಂಗಳೂರಿನಲ್ಲಿ ವೈದ್ಯ ಶಿಕ್ಷಣ ಪಡೆದ ಡಾ. ಮೊಹಮ್ಮದ್ ಹನೀಫ್ ಅವರನ್ನು 2007ರ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಭಯೋತ್ಪಾದನೆಯ ಸಂಶಯದ ಮೇಲೆ ಬಂಧಿಸಲಾಯಿತು. ಅದೇ ತಿಂಗಳ 27ರಂದು ಆರೋಪವನ್ನು ಹಿಂತೆಗೆದುಕೊಳ್ಳಲಾಯಿತು. ಮರುವರ್ಷ ವಿಚಾರಣಾ ವರದಿ ಪ್ರಕಟವಾಯಿತು. 2010ರ ಡಿಸೆಂಬರ್‌ನಲ್ಲಿ ಆ ದೇಶದ ಸರ್ಕಾರ ಪರಿಹಾರ ನೀಡಿ ವ್ಯಾಜ್ಯವನ್ನು ಮುಗಿಸಿಕೊಂಡಿತು. ಮೊತ್ತ ಬಹಿರಂಗವಾಗಲಿಲ್ಲ. ಮೂರೂವರೆ ವರ್ಷ ಎಲ್ಲಿ, ಇಪ್ಪತ್ತೈದು ವರ್ಷ ಎಲ್ಲಿ!

ಖುಲಾಸೆಯಾದವರೆಲ್ಲ ಗೆಲ್ಲುವುದಿಲ್ಲ

ಖುಲಾಸೆ ದೊರೆತ ಮಾತ್ರಕ್ಕೆ ಪರಿಹಾರ ಖಚಿತವೆಂಬ ಭ್ರಮೆ ಬೇಡ. ಮೊಕದ್ದಮೆಯನ್ನು ನಡೆಸಿದವನು ಪ್ರತಿವಾದಿಯೇ ಎಂಬುದನ್ನು, ಅದು ತನ್ನ ಪರವಾಗಿ ಕೊನೆಗೊಂಡಿತೆಂಬುದನ್ನು, ಅದಕ್ಕೆ ಯುಕ್ತವೂ ಸಂಭವನೀಯವೂ ಆದ ಕಾರಣವಿರಲಿಲ್ಲವೆಂಬುದನ್ನು, ದ್ವೇಷದಿಂದಲೇ ಅದು ಹೂಡಲ್ಪಟ್ಟಿತೆಂಬುದನ್ನು ಮತ್ತು ತನಗೆ ಹಾನಿಯಾಯಿತೆಂಬುದನ್ನು ವಾದಿಯೇ ರುಜುವಾತುಪಡಿಸಬೇಕು. ಸರ್ವೋಚ್ಚ ನ್ಯಾಯಾಲಯವು ಪಶ್ಚಿಮ ಬಂಗಾಳ ವಿದ್ಯುಚ್ಛಕ್ತಿ ಮಂಡಳಿ ಮತ್ತು ದಿಲೀಪ್ ಕುಮಾರ್ ರಾಯ್ ಪ್ರಕರಣದಲ್ಲಿ 2006ರಲ್ಲಿ ಈ ತತ್ತ್ವಗಳನ್ನು ವಿವರಿಸಿದೆ. ಕ್ರಿಮಿನಲ್ ನ್ಯಾಯಾಲಯದ ತೀರ್ಪು ಸಿವಿಲ್ ದಾವೆಯಲ್ಲಿ ಖುಲಾಸೆಯಾಯಿತೆಂಬ ಸಂಗತಿಗೆ ಮಾತ್ರ ಪುರಾವೆ. ಆರೋಪ ಸುಳ್ಳಾಗಿತ್ತೆಂಬುದನ್ನು ಹೊಸದಾಗಿ ಸಾಕ್ಷಿ ನುಡಿಸಿ ತೋರಿಸಬೇಕಾಗುತ್ತದೆ. ಸಂಶಯದ ಲಾಭ ಪಡೆದು ಬಿಡುಗಡೆಯಾದವರ ಹೊರೆ ಇನ್ನೂ ಭಾರ. ರಾಜಿಯಲ್ಲಿ ಮುಗಿದ ಮೊಕದ್ದಮೆಗಳಂತೂ ಇಂತಹ ದಾವೆಗೆ ಬಲವಾದ ಆಧಾರವಾಗುವುದಿಲ್ಲ. ಆದುದರಿಂದ ಲೋಕ ಅದಾಲತ್ತಿನಲ್ಲಿ ಸಹಿ ಹಾಕುವ ಮುನ್ನ ವಕೀಲರನ್ನು ಈ ಬಗ್ಗೆ ಕೇಳುವುದು ಲೇಸು.

ಸಂಡೂರು ಸೀಮೆಯ ಅನುಭವವನ್ನು ಇಲ್ಲಿ ನಿಷ್ಠುರವಾಗಿಯೇ ನೋಡಬೇಕು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂದಿತು. ಅದೇ ತಿಂಗಳ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಅಕ್ರಮ ನಡೆದುದು ನಿಜ. ಅಷ್ಟೊಂದು ದಾಖಲೆಗಳ ಮೇಲೆ ನಿಂತ ಮೊಕದ್ದಮೆಯೊಂದು ಮುಂದೆ ಸಾಕ್ಷಿಗಳ ಕೊರತೆಯಿಂದ ಬಿದ್ದುಹೋದರೆ ಅದನ್ನು ದ್ವೇಷದ ಮೊಕದ್ದಮೆ ಎಂದು ಯಾವ ನ್ಯಾಯಾಲಯವೂ ಒಪ್ಪದು, ಒಪ್ಪಲೂಬಾರದು. ಗಣಿ ಕಾನೂನಿನ 27ನೆಯ ಕಲಂ, ಅವಶ್ಯಕ ವಸ್ತುಗಳ ಕಾನೂನಿನ 15ನೆಯ ಕಲಂ, ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾನೂನಿನ 157ನೆಯ ಕಲಂ ಇವೆಲ್ಲವೂ ಸದ್ಭಾವನೆಯಿಂದ ಕ್ರಮ ಕೈಗೊಂಡ ಅಧಿಕಾರಿಯನ್ನು ರಕ್ಷಿಸುತ್ತವೆ. ಸದ್ಭಾವನೆ ಇರಲಿಲ್ಲವೆಂದು ತೋರಿಸುವ ಭಾರ ಮತ್ತೆ ವರ್ತಕನ ಹೆಗಲ ಮೇಲೆಯೇ.

ಆದ್ದರಿಂದ ಈ ದಾವೆಯ ನಿಜವಾದ ಉಪಯೋಗ ಇರುವುದು ಸುಳ್ಳು ದೂರು ಕೊಟ್ಟ ಖಾಸಗಿ ವ್ಯಕ್ತಿಯ ವಿರುದ್ಧ. ಪ್ರತಿಸ್ಪರ್ಧಿ, ಹಳೆಯ ಪಾಲುದಾರ, ಬಾಕಿ ಕೊಡಲಾರದ ಗಿರಾಕಿ ಇಂಥವರು. ದೂರು ಕೊಟ್ಟೆನಷ್ಟೇ, ಮೊಕದ್ದಮೆ ನಡೆಸಿದ್ದು ಪೊಲೀಸರು ಎಂದು ಅವರು ಜಾರಿಕೊಳ್ಳಲು ನೋಡಬಹುದು. ಆರೋಪ ಸುಳ್ಳೆಂದು ತಿಳಿದೂ ಪೊಲೀಸರನ್ನು ದಾರಿತಪ್ಪಿಸಿ ಸುಳ್ಳು ಸಾಕ್ಷಿಗಳನ್ನು ಒದಗಿಸಿದವನೇ ನಿಜವಾದ ಅಭಿಯೋಜಕನೆಂದು ಪ್ರಿವಿ ಕೌನ್ಸಿಲ್ ಗಯಾ ಪ್ರಸಾದ್ ಮತ್ತು ಭಗತ್ ಸಿಂಗ್ ಪ್ರಕರಣದಲ್ಲಿ 1908ರಷ್ಟು ಹಿಂದೆಯೇ ನಿರ್ಣಯಿಸಿದೆ.

ವಾಯಿದೆಯ ಲೆಕ್ಕ

ಒಂದು ವರ್ಷವೆಂದರೆ ಹನ್ನೆರಡು ತಿಂಗಳೇ. ಅದರಲ್ಲಿ ರಿಯಾಯಿತಿ ಇಲ್ಲ. ಮೇಲ್ಮನವಿಗೆ ತಡವಾದರೆ ವಿಳಂಬವನ್ನು ಮನ್ನಿಸಲು ಅವಕಾಶವಿದೆ, ದಾವೆಗೆ ಆ ಅವಕಾಶವಿಲ್ಲ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ಕಾಲವೂ ಮೇಲ್ಮನವಿಯಲ್ಲಿ ಕಳೆಯಲ್ಪಡುತ್ತದೆ, ದಾವೆಯಲ್ಲಿ ಕಳೆಯಲ್ಪಡುವುದಿಲ್ಲ. ನಕಲು ಬಂದ ಮೇಲೆ ನೋಡೋಣ ಎನ್ನುತ್ತ ಕುಳಿತವರಿಗೆ ಆ ತಿಂಗಳುಗಳು ಮರಳಿ ಬಾರವು.

ಸರ್ಕಾರವನ್ನೋ ಅಧಿಕೃತ ಕರ್ತವ್ಯದಲ್ಲಿದ್ದ ಅಧಿಕಾರಿಯನ್ನೋ ಪ್ರತಿವಾದಿಯಾಗಿಸುವುದಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಂ ಪ್ರಕಾರ ಎರಡು ತಿಂಗಳ ಮುಂಚಿನ ನೋಟೀಸು ಕಡ್ಡಾಯ. ಪೊಲೀಸ್ ಅಧಿಕಾರಿಯ ವಿಷಯದಲ್ಲಿ ಕರ್ನಾಟಕದವರಿಗೆ ಇನ್ನೂ ಒಂದು ಮೆಟ್ಟಿಲಿದೆ. 1963ರ ಕರ್ನಾಟಕ ಪೊಲೀಸ್ ಅಧಿನಿಯಮದ 170ನೆಯ ಕಲಂ ಪ್ರಕಾರ, ಕರ್ತವ್ಯದ ನೆಪದಲ್ಲಿ ಅಥವಾ ಅದನ್ನು ಮೀರಿ ಮಾಡಿದ ಕೃತ್ಯಕ್ಕೂ ಸರ್ಕಾರದ ಪೂರ್ವಾನುಮತಿಯಿಲ್ಲದೆ ಮೊಕದ್ದಮೆಯಾಗಲೀ ದಾವೆಯಾಗಲೀ ನಡೆಯದು. ಬೆಂಗಳೂರಿನ ಪೊಲೀಸ್ ಅಧಿಕಾರಿಯೊಬ್ಬರ ಮೇಲಿನ ಖಾಸಗಿ ದೂರಿನ ಪ್ರಕರಣದಲ್ಲಿ 2020ರ ಜೂನ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಲಮನ್ನು ಎತ್ತಿಹಿಡಿದಿದೆ. ನೋಟೀಸಿನ ಅವಧಿಯನ್ನೂ ಅನುಮತಿಗೆ ಹಿಡಿದ ಕಾಲವನ್ನೂ ವಾಯಿದೆಯಿಂದ ಕಳೆಯಬಹುದು ಎಂಬುದೊಂದೇ ಸಮಾಧಾನ.

ದಾವೆ ಎಲ್ಲಿ ಹೂಡಬೇಕೆಂಬ ಪ್ರಶ್ನೆಯೂ ಈ ಭಾಗದಲ್ಲಿ ಏಳುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ, ಹಂಪಿ ಒಂದು ಜಿಲ್ಲೆಯಲ್ಲಿಯೂ ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ ಇವೆ. ಕಂಪ್ಲಿಯ ಗಿರಣಿ ಮಾಲೀಕರ ಮೇಲೆ ಹೊಸಪೇಟೆಯ ದಲ್ಲಾಳಿಯೊಬ್ಬರು ಸುಳ್ಳು ದೂರು ಕೊಟ್ಟರೆಂದು ಭಾವಿಸಬಹುದು. ಅನ್ಯಾಯ ನಡೆದ ಸ್ಥಳ ಒಂದು ನ್ಯಾಯಾಲಯದ ವ್ಯಾಪ್ತಿಯಲ್ಲಿಯೂ ಪ್ರತಿವಾದಿಯ ವಾಸ ಇನ್ನೊಂದರಲ್ಲಿಯೂ ಇದ್ದರೆ ಆಯ್ಕೆ ವಾದಿಯದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೆಯ ಕಲಂ ಹೇಳುತ್ತದೆ.

ಕ್ರಿಮಿನಲ್ ನ್ಯಾಯಾಲಯದಲ್ಲಿಯೇ ಪರಿಹಾರ ಕೇಳುವ ಅವಕಾಶಗಳೂ ಇವೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 273ನೆಯ ಕಲಂ ಪ್ರಕಾರ, ಆರೋಪಕ್ಕೆ ಯುಕ್ತ ಕಾರಣವಿರಲಿಲ್ಲವೆಂದು ಕಂಡುಬಂದರೆ ದಂಡಾಧಿಕಾರಿಯು ದೂರುದಾರನಿಂದ ಪರಿಹಾರ ಕೊಡಿಸಬಹುದು. ಖುಲಾಸೆಯ ತೀರ್ಪು ಹೊರಬೀಳುವ ಹಂತದಲ್ಲಿಯೇ ವಕೀಲರು ಇದನ್ನು ಕೇಳಬೇಕು, ಕೇಳುವವರು ಕಡಿಮೆ. ನಿರಾಧಾರವಾಗಿ ಬಂಧನ ಮಾಡಿಸಿದವನಿಂದ 399ನೆಯ ಕಲಂ ಅಡಿ ಕೊಡಿಸಬಹುದಾದ ಗರಿಷ್ಠ ಮೊತ್ತ ಒಂದು ಸಾವಿರ ರೂಪಾಯಿ! ಹೊಸ ಸಂಹಿತೆ ಬರೆದವರಿಗೆ ಈ ಅಂಕಿಯನ್ನು ಮುಟ್ಟಲು ಮನಸ್ಸಾಗಲಿಲ್ಲ. ಒಂದು ದಿನ ಗಿರಣಿ ನಿಂತರೆ ಆಗುವ ನಷ್ಟವೇನೆಂಬುದನ್ನು ಕಂಪ್ಲಿಯ ಯಾವ ಮಾಲೀಕರನ್ನು ಕೇಳಿದರೂ ಹೇಳಿಯಾರು.

ಜಪ್ತಿಯಾದ ಸರಕಿನ ವಿಷಯದಲ್ಲಿ ಮಾತ್ರ ವರ್ತಕರ ಪರಿಸ್ಥಿತಿ ಹಿಂದಿಗಿಂತ ಸುಧಾರಿಸಿದೆ. 1947ರಲ್ಲಿ ಅಮೃತಸರದ ಚಿನ್ನದ ವ್ಯಾಪಾರಿಯೊಬ್ಬರು ಮೀರತ್ತಿಗೆ ಬಂದಾಗ ಪೊಲೀಸರು ವಶಪಡಿಸಿಕೊಂಡ ಚಿನ್ನವನ್ನು ಠಾಣೆಯ ಹೆಡ್ ಕಾನ್‌ಸ್ಟೆಬಲ್ ಅಪಹರಿಸಿ ಪಾಕಿಸ್ತಾನಕ್ಕೆ ಓಡಿಹೋದನು. ಅದು ಸಾರ್ವಭೌಮ ಅಧಿಕಾರದ ಕೃತ್ಯವಾದ್ದರಿಂದ ಸರ್ಕಾರ ಹೊಣೆಯಲ್ಲವೆಂದು ಕಸ್ತೂರಿಲಾಲ್ ಪ್ರಕರಣದಲ್ಲಿ 1964ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಇದಕ್ಕೆ ವ್ಯತಿರಿಕ್ತವಾದುದು ಆಂಧ್ರಪ್ರದೇಶದ ಎನ್. ನಾಗೇಂದ್ರ ರಾವ್ ಅಂಡ್ ಕಂಪನಿಯ ಪ್ರಕರಣ. ಗೊಬ್ಬರ ಮತ್ತು ಧಾನ್ಯಗಳ ಆ ವ್ಯಾಪಾರಿಯ ದಾಸ್ತಾನನ್ನು 1975ರಲ್ಲಿ ಅವಶ್ಯಕ ವಸ್ತುಗಳ ಕಾನೂನಿನಡಿ ಜಪ್ತಿ ಮಾಡಿದ ಅಧಿಕಾರಿಗಳು ಅದನ್ನು ಮಾರಲೂ ಇಲ್ಲ, ಕಾಪಾಡಲೂ ಇಲ್ಲ. ಹಿಂತಿರುಗಿಸುವ ಆದೇಶವಾದಾಗ ಸರಕು ಹಾಳಾಗಿತ್ತು. ಸಿಬ್ಬಂದಿಯ ಅಲಕ್ಷ್ಯಕ್ಕೆ ಸರ್ಕಾರವೇ ಹೊಣೆಯೆಂದು 1994ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಇಲ್ಲಿ ದ್ವೇಷವನ್ನು ರುಜುವಾತುಪಡಿಸಬೇಕಾಗಿಲ್ಲ, ಅಲಕ್ಷ್ಯ ಸಾಕು. ಆ ಕಾನೂನಿನ 6ಸಿ ಕಲಂ ಕೂಡ ಖುಲಾಸೆಯಾದವನಿಗೆ ಸರಕನ್ನು, ಅದು ಸಾಧ್ಯವಾಗದಿದ್ದರೆ ಜಪ್ತಿಯ ದಿನದಿಂದ ಬಡ್ಡಿಸಹಿತ ಬೆಲೆಯನ್ನು ಕೊಡಬೇಕೆನ್ನುತ್ತದೆ. ಮಹಜರು ಬರೆಯುವ ದಿನವೇ ಸರಕಿನ ತೂಕ, ತೇವಾಂಶ, ದರ್ಜೆ, ಅಂದಿನ ಮಾರುಕಟ್ಟೆ ದರ ಇವುಗಳನ್ನು ನಮೂದಿಸುವಂತೆ ಒತ್ತಾಯಿಸುವುದೂ, ಸರಕು ಕೆಡುವಂತಹುದೆಂದು ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದೂ ಇದಕ್ಕೇ ಅಗತ್ಯ.

ನಷ್ಟದ ಲೆಕ್ಕ

ಹಾನಿಯನ್ನು ಹೆಸರಿಗೆ ಆದದ್ದು, ದೇಹಕ್ಕೆ ಆದದ್ದು, ಸ್ವತ್ತಿಗೆ ಆದದ್ದು ಎಂದು ಮೂರಾಗಿ ವಿಂಗಡಿಸುವ ಇಂಗ್ಲೆಂಡಿನ ಕ್ರಮ ಮುನ್ನೂರು ವರ್ಷಗಳಷ್ಟು ಹಳೆಯದು. ಮೊದಲಿನ ಎರಡಕ್ಕೆ ನ್ಯಾಯಾಧೀಶರು ಅಂದಾಜಿನ ಮೊತ್ತವನ್ನು ನಿಗದಿಪಡಿಸುತ್ತಾರೆ. ಮೂರನೆಯದಕ್ಕೆ ಲೆಕ್ಕಪುಸ್ತಕವೇ ಸಾಕ್ಷಿ. ಬಹುಪಾಲು ವರ್ತಕರು ಸೋಲುವುದು ಇಲ್ಲಿ. ಐವತ್ತು ಲಕ್ಷ ನಷ್ಟವಾಯಿತೆಂದು ದಾವೆಯಲ್ಲಿ ಬರೆಯುವುದು ಸುಲಭ. ಆ ಮೊತ್ತಕ್ಕೆ ತಕ್ಕ ನ್ಯಾಯಾಲಯ ಶುಲ್ಕವನ್ನೂ ಕಟ್ಟಬೇಕಾಗುತ್ತದೆ, ಪುರಾವೆಯನ್ನೂ ಒದಗಿಸಬೇಕಾಗುತ್ತದೆ. ಬಂಧನಕ್ಕೆ ಹಿಂದಿನ ಮತ್ತು ನಂತರದ ವರ್ಷಗಳ ವಹಿವಾಟಿನ ತುಲನಾತ್ಮಕ ಪಟ್ಟಿ, ರದ್ದಾದ ಆದೇಶಗಳ ಪತ್ರಗಳು, ಬ್ಯಾಂಕು ಸಾಲದ ಮಿತಿಯನ್ನು ಇಳಿಸಿದ ಅ​ಥವಾ ನವೀಕರಿಸದ ಪತ್ರ, ಟೆಂಡರಿನಿಂದ ಹೊರಗಿಟ್ಟ ಸೂಚನೆ, ವಕೀಲರ ಶುಲ್ಕದ ರಸೀದಿ, ಹಾಜರಾತಿಗಾಗಿ ಮಾಡಿದ ಪ್ರಯಾಣದ ವೆಚ್ಚ ಇವೆಲ್ಲ ಅಂದಂದೇ ಕಡತ ಸೇರಬೇಕು. ಶುಲ್ಕವನ್ನು ನಗದಾಗಿ ಕೊಟ್ಟು ರಸೀದಿ ಪಡೆಯದವರು ನ್ಯಾಯಾಲಯದಲ್ಲಿ ಅದನ್ನು ಕೇಳಲಾರರು, ಆದಾಯ ತೆರಿಗೆಯಲ್ಲಿ ಕಳೆಯಲೂ ಆರರು.

ಆದಾಯ ತೆರಿಗೆಯ ಮಾತು ಬಂದುದರಿಂದ ಒಂದು ಸಂಗತಿ. ಹೆಚ್ಚು ಬೆಲೆಗೆ ಮಾರಿದ ಆರೋಪದಿಂದ ಖುಲಾಸೆಯಾದ ಎಚ್. ಹಿರ್ಜಿ ಎಂಬ ವ್ಯಾಪಾರಿಗೆ ಆ ಮೊಕದ್ದಮೆಯ ಖರ್ಚನ್ನು ವ್ಯಾಪಾರದ ವೆಚ್ಚವೆಂದು ಕಳೆಯಲು ಸರ್ವೋಚ್ಚ ನ್ಯಾಯಾಲಯ 1953ರಲ್ಲಿ ಅವಕಾಶ ಕೊಡಲಿಲ್ಲ. 1973ರ ಧನರಾಜಗಿರ್ಜಿ ಪ್ರಕರಣದಲ್ಲಿ, ಮೊಕದ್ದಮೆ ಸಿವಿಲ್ಲೋ ಕ್ರಿಮಿನಲ್ಲೋ ಎಂಬುದು ಮುಖ್ಯವಲ್ಲ, ಖರ್ಚು ವ್ಯಾಪಾರದ ಸಲುವಾಗಿ ಆಯಿತೇ ಎಂಬುದು ಮುಖ್ಯವೆಂಬ ನಿಲುವು ಬಂದಿತು. ಖರ್ಚನ್ನು ಮಾಲೀಕರ ಸ್ವಂತ ಖಾತೆಗೆ ಬರೆದುಬಿಡುವ ಗುಮಾಸ್ತರು ಇದನ್ನು ಗಮನಿಸಬೇಕು.

ವೈಯಕ್ತಿಕ ದಾವೆಗಳಾಚೆ ಸಂಘಟಿತವಾಗಿ ಕೇಳಬೇಕಾದದ್ದೂ ಇದೆ. ದೆಹಲಿ ಉಚ್ಚ ನ್ಯಾಯಾಲಯದ 2017ರ ಸೂಚನೆಯ ಮೇರೆಗೆ ಕೇಂದ್ರ ಕಾನೂನು ಆಯೋಗವು ತಪ್ಪು ಅಭಿಯೋಜನೆಯ ಕುರಿತು ತನ್ನ 277ನೆಯ ವರದಿಯನ್ನು 2018ರ ಆಗಸ್ಟ್‌ನಲ್ಲಿ ಸಲ್ಲಿಸಿತು. ಪರಿಹಾರ ಹಕ್ಕಾಗಬೇಕು, ವಿಶೇಷ ನ್ಯಾಯಾಲಯಗಳು ತ್ವರಿತವಾಗಿ ನಿರ್ಣಯಿಸಬೇಕು, ಸರ್ಕಾರ ಮೊದಲು ಹಣ ಕೊಟ್ಟು ತಪ್ಪಿತಸ್ಥ ಅಧಿಕಾರಿಯಿಂದ ವಸೂಲಿ ಮಾಡಿಕೊಳ್ಳಬಹುದು ಎಂಬುದು ಅದರ ತಿರುಳು. ಕಾನೂನುಬಾಹಿರ ಬಂಧನಕ್ಕೆ ಪರಿಹಾರ ಪಡೆಯುವ ಹಕ್ಕು ಭಾರತದ ಕಾನೂನಿನಲ್ಲಿಲ್ಲವೆಂದು 1979ರಲ್ಲಿ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರುವಾಗ ಸರ್ಕಾರ ಬರೆದುಕೊಟ್ಟ ಮಾತನ್ನು ನ್ಯಾಯಾಲಯಗಳೇ ಹಿಂದೆ ಹಾಕಿವೆ. ಶಾಸನ ಮಾತ್ರ ಬಂದಿಲ್ಲ. ಕ್ರಿಮಿನಲ್ ಕಾನೂನುಗಳನ್ನೆಲ್ಲ ಹೊಸದಾಗಿ ಬರೆದಾಗಲೂ ಈ ವರದಿಗೆ ಸ್ಥಾನ ದೊರೆಯಲಿಲ್ಲ. ವಾಣಿಜ್ಯ ಸಂಸ್ಥೆಗಳು ಪ್ರತಿ ಮುಂಗಡಪತ್ರಕ್ಕೆ ಮುನ್ನ ತೆರಿಗೆ ದರಗಳ ಬಗ್ಗೆ ಮನವಿ ಸಲ್ಲಿಸುತ್ತವೆ. ಆ ಮನವಿಯಲ್ಲಿ 277ನೆಯ ವರದಿಗೆ ಒಂದು ಪರಿಚ್ಛೇದ, 399ನೆಯ ಕಲಮಿನ ಒಂದು ಸಾವಿರ ರೂಪಾಯಿಗೆ ಒಂದು ಸಾಲು, ರಾಜ್ಯ ಸರ್ಕಾರಕ್ಕೆ ಸಲ್ಲಿಸುವ ಮನವಿಯಲ್ಲಿ ಪೊಲೀಸ್ ಅಧಿನಿಯಮದ 170ನೆಯ ಕಲಂ ಅಡಿಯ ಅರ್ಜಿಗಳ ತೀರ್ಮಾನಕ್ಕೆ ಕಾಲಮಿತಿ ಕೋರುವ ಇನ್ನೊಂದು ಸಾಲು ಸೇರಿಸಲು ಹೆಚ್ಚಿನ ಕಾಗದವೇನೂ ಬೇಕಾಗದು.